ಕೆಜಿಎಫ್‌ನಿಂದ ಕಂಠೀರವಕ್ಕೆ: ಸೋಂಕಿನ ಕಾಲದ ನಿರ್ಬಂಧಗಳು ಮತ್ತು ಪಂದ್ಯದ ದಿನದ ವ್ಯಾಪಾರ

ಫುಟ್‌ಬಾಲ್ ಪಂದ್ಯದ ಅವಧಿ 90 ನಿಮಿಷ. ಆದರೆ ಆ ಪಂದ್ಯವನ್ನು ಅವಲಂಬಿಸಿದ ವ್ಯಾಪಾರದ ಅವಧಿ ಅದಕ್ಕಿಂತ ಬಹಳ ದೀರ್ಘವಾದುದು. ತಂಡದ ಬಣ್ಣದ ಅಂಗಿಯನ್ನು ಮುದ್ರಿಸುವವರು, ಬಾವುಟ ಹೊಲಿಯುವವರು, ಬಾಡಿಗೆ ವಾಹನದವರು, ರೈಲು ನಿಲ್ದಾಣದ ಎದುರಿನ ಉಪಾಹಾರ ಗೃಹದವರು, ಕ್ರೀಡಾಂಗಣದ ಗೇಟಿನ ಬಳಿ ಕಡಲೆಕಾಯಿ ಮಾರುವವರು ಇವರೆಲ್ಲರೂ ಪ್ರೇಕ್ಷಕನ ಒಂದು ದಿನದ ಪ್ರಯಾಣದಿಂದ ಸಂಪಾದನೆ ಮಾಡುವವರು. ಕೋವಿಡ್ ಕಾಲದಲ್ಲಿ ಈ ಪ್ರಯಾಣ ನಿಂತಿತು. ಅದು ಹೇಗೆ ನಿಂತಿತು, ಯಾವ ಯಾವ ಹಂತದಲ್ಲಿ ತಡೆಯುಂಟಾಯಿತು, ನಿರ್ಬಂಧ ತೆರವಾದ ಕೂಡಲೇ ವ್ಯಾಪಾರ ಏಕೆ ಮರಳಲಿಲ್ಲ ಎಂಬುದನ್ನು ಕೆಜಿಎಫ್ ಮತ್ತು ಬಂಗಾರಪೇಟೆಯ ದೃಷ್ಟಿಯಿಂದ ಪರಿಶೀಲಿಸುವುದು ಸಣ್ಣ ವರ್ತಕರಿಗೂ ತಯಾರಕರಿಗೂ ಉಪಯುಕ್ತವಾಗಿದೆ.

ಗಣಿ ಊರಿನ ಆಟ

1880ರಲ್ಲಿ ಜಾನ್ ಟೇಲರ್ ಕಂಪನಿಯು ಕೋಲಾರದ ಚಿನ್ನದ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ನಂತರ ಇಲ್ಲಿ ಬೆಳೆದ ಗಣಿ ಕಾಲೊನಿಗಳಲ್ಲಿ ಫುಟ್‌ಬಾಲ್ ಮತ್ತು ಹಾಕಿ ಆಟಗಳು ಬೇರೂರಿದವು. ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಮೈದಾನವೇ ಸಂಜೆಯ ವಿನೋದವಾಗಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಟ ಮಾತ್ರ ಉಳಿಯಿತು. ಗಣಿ ಮುಚ್ಚಿದ ಬಳಿಕ ಸಾವಿರಾರು ಮಂದಿ ಉದ್ಯೋಗಕ್ಕಾಗಿ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವಂತಾಯಿತು. ದುಡಿಮೆಗೆ ಹೋಗುವ ದಾರಿಯೇ ದೊಡ್ಡ ಪಂದ್ಯಗಳಿಗೆ ಹೋಗುವ ದಾರಿಯೂ ಆಯಿತು.

2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಫುಟ್‌ಬಾಲ್ ಕ್ಲಬ್, ಸುಮಾರು 25 ಸಾವಿರ ಆಸನಗಳ ಶ್ರೀ ಕಂಠೀರವ ಕ್ರೀಡಾಂಗಣವನ್ನು ತನ್ನ ತವರು ಮೈದಾನವನ್ನಾಗಿ ಮಾಡಿಕೊಂಡಿದೆ. 2020ರ ಮಾರ್ಚ್ 1ರಂದು ಇಂಡಿಯನ್ ಸೂಪರ್ ಲೀಗ್‌ನ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಅದು ಕೋಲ್ಕತ್ತದ ಎಟಿಕೆ ತಂಡವನ್ನು ಅಲ್ಲಿ 1–0ಯಿಂದ ಸೋಲಿಸಿತು. ಅದೇ ತಿಂಗಳ 14ರಂದು ಗೋವಾದಲ್ಲಿ ನಡೆದ ಫೈನಲ್ ಪಂದ್ಯಕ್ಕೆ ಪ್ರೇಕ್ಷಕರ ಪ್ರವೇಶವಿರಲಿಲ್ಲ. ಕಂಠೀರವದಲ್ಲಿ ಕ್ಲಬ್‌ನ ಮುಂದಿನ ಲೀಗ್ ಪಂದ್ಯ ನಡೆದದ್ದು 2022ರ ಅಕ್ಟೋಬರ್ 8ರಂದು. ನಡುವೆ ಸರಿದುಹೋದದ್ದು 31 ತಿಂಗಳು.

ನಿಯಮಗಳ ಮೂರು ಹಂತ

ಸೋಂಕಿನ ಕಾಲದ ಆದೇಶಗಳು ಒಂದೇ ಕಚೇರಿಯಿಂದ ಬರುತ್ತಿರಲಿಲ್ಲ. ಮೊದಲನೆಯದು, 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ವಯ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿ. ಎರಡನೆಯದು, ಅದರ ಆಧಾರದ ಮೇಲೆ ರಾಜ್ಯ ಸರ್ಕಾರದ ಆದೇಶ. ಇದಕ್ಕೆ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲವೂ ಇತ್ತು. ಮೂರನೆಯದು, ಜಿಲ್ಲಾಧಿಕಾರಿಗಳ ಸ್ಥಳೀಯ ಆದೇಶ. ಮೇಲಿನ ಹಂತದ ನಿರ್ಬಂಧವನ್ನು ಕೆಳಗಿನ ಹಂತದವರು ಸಡಿಲಿಸುವಂತಿರಲಿಲ್ಲ. ಆದುದರಿಂದ ವರ್ತಕನಿಗೆ ಅನ್ವಯಿಸುತ್ತಿದ್ದುದು ಮೂರರಲ್ಲಿ ಅತ್ಯಂತ ಕಠಿಣವಾದ ನಿಯಮ.

ಕ್ರೀಡೆಯ ವಿಷಯದಲ್ಲಿ ಸಡಿಲಿಕೆ ಹಂತಹಂತವಾಗಿ ಬಂದಿತು. 2020ರ ಮೇ 17ರ ಕೇಂದ್ರದ ಆದೇಶವು ಕ್ರೀಡಾಂಗಣಗಳನ್ನು ತೆರೆಯಲು ಅನುಮತಿ ನೀಡಿತು; ಪ್ರೇಕ್ಷಕರಿಗೆ ಮಾತ್ರ ಅನುಮತಿಯಿರಲಿಲ್ಲ. ಸೆಪ್ಟೆಂಬರ್ 21ರಿಂದ ಕ್ರೀಡೆಯೂ ಸೇರಿದಂತೆ ಸಭೆ ಸಮಾರಂಭಗಳಿಗೆ 100 ಜನರ ಮಿತಿಯಲ್ಲಿ ಅವಕಾಶ ದೊರೆಯಿತು. ಸಣ್ಣ ಊರಿನ ಪಂದ್ಯಾವಳಿಗೆ ಈ ಮಿತಿಯ ಅರ್ಥವೇನು? ಎರಡು ತಂಡಗಳ 22 ಆಟಗಾರರು, ಬದಲಿ ಆಟಗಾರರು, ತೀರ್ಪುಗಾರರು, ಸಂಘಟಕರು ಸೇರಿದರೆ 40 ಮಂದಿಯಾಗುತ್ತಾರೆ. ಉಳಿಯುವುದು 60 ಪ್ರೇಕ್ಷಕರು. ಸುತ್ತುಗೋಡೆಯಿಲ್ಲದ ಮೈದಾನದಲ್ಲಿ ಆ 60 ಜನರನ್ನು ಎಣಿಸಿ ಬಿಡುವವರು ಯಾರು? ಎಣಿಕೆ ತಪ್ಪಿದರೆ ಹೊಣೆ ಸಂಘಟಕನದು. ಇಂತಹ ಪಂದ್ಯಾವಳಿಗಳಿಗೆ ಟ್ರೋಫಿ, ಅಂಗಿ, ಫಲಕಗಳ ಖರ್ಚನ್ನು ಸಾಮಾನ್ಯವಾಗಿ ಊರಿನ ಅಂಗಡಿಗಳವರೇ ಕೊಡುತ್ತಾರೆ. ಜನ ಸೇರದ ಮೈದಾನದಲ್ಲಿ ತಮ್ಮ ಅಂಗಡಿಯ ಹೆಸರಿನ ಫಲಕ ಕಟ್ಟಿಸಲು ಯಾರೂ ಮುಂದಾಗುವುದಿಲ್ಲ.

ಒಂದು ದಾರಿ, ಮೂರು ಜಿಲ್ಲೆ

ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ, ಸುಮಾರು 16 ಕಿ.ಮೀ. ದೂರದ ಬಂಗಾರಪೇಟೆ ಜಂಕ್ಷನ್ ಸೇರುತ್ತದೆ. ಅಲ್ಲಿಂದ ಟೇಕಲ್, ಮಾಲೂರು ಕಳೆದು ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯ ಮೂಲಕ ವೈಟ್‌ಫೀಲ್ಡ್, ಬಳಿಕ ಬೆಂಗಳೂರು. ಅಂದರೆ ಕೆಜಿಎಫ್‌ನ ಪ್ರೇಕ್ಷಕ ಕೋಲಾರ, ಬೆಂಗಳೂರು ಗ್ರಾಮಾಂತರ, ಬೆಂಗಳೂರು ನಗರ ಎಂಬ ಮೂರು ಜಿಲ್ಲೆಗಳನ್ನು ಹಾಯಬೇಕು.

2020ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಪಟ್ಟಿಯಲ್ಲಿ ಕೋಲಾರ ಹಸಿರು ವಲಯದಲ್ಲಿತ್ತು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು ಕೆಂಪು ವಲಯದಲ್ಲಿದ್ದವು. ಕೋಲಾರದೊಳಗೆ ಅಂಗಡಿ ತೆರೆಯಬಹುದಾಗಿತ್ತು, ಆದರೆ ಸರಕು ತರಬೇಕಾದ ಬೆಂಗಳೂರಿನ ಪೇಟೆ ಮುಚ್ಚಿತ್ತು. 2021ರ ಜೂನ್ 14ರಿಂದ ಒಂದು ವಾರ ಮತ್ತೊಂದು ಬಗೆಯ ವಿಚಿತ್ರ ಪರಿಸ್ಥಿತಿ ಉಂಟಾಯಿತು. ಸೋಂಕಿನ ಪ್ರಮಾಣ ಹೆಚ್ಚಿದ್ದ 11 ಜಿಲ್ಲೆಗಳಲ್ಲಿ ಕಠಿಣ ನಿರ್ಬಂಧ ಮುಂದುವರಿಯಿತು. ಕೋಲಾರಕ್ಕೂ ಬೆಂಗಳೂರು ನಗರಕ್ಕೂ ಸಡಿಲಿಕೆ ದೊರೆತಿತ್ತು. ನಡುವಿನ ಬೆಂಗಳೂರು ಗ್ರಾಮಾಂತರ ಮಾತ್ರ ಆ 11ರ ಪಟ್ಟಿಯಲ್ಲಿತ್ತು. ಎರಡೂ ತುದಿಯ ಬಾಗಿಲುಗಳು ತೆರೆದಿದ್ದು ನಡುಮನೆಗೆ ಬೀಗ ಬಿದ್ದಂತಹ ಸ್ಥಿತಿ ಅದು.

ರೈಲಿನ ಮಾತೂ ಹೀಗೆಯೇ. 2020ರ ಮಾರ್ಚ್ 22ರಂದು ಪ್ರಯಾಣಿಕರ ರೈಲುಗಳು ನಿಂತವು. ಜೂನ್ 1ರಿಂದ ವಿಶೇಷ ರೈಲುಗಳು ಆರಂಭವಾದರೂ ಅವು ಮುಂಗಡ ಕಾದಿರಿಸಿದವರಿಗೆ ಮಾತ್ರ. ಕೆಜಿಎಫ್‌ನವರು ನೆಚ್ಚಿಕೊಂಡಿದ್ದುದು ಕಾದಿರಿಸದ ಟಿಕೆಟ್ಟನ್ನೂ ತಿಂಗಳ ಪಾಸನ್ನೂ. ಇವು ಮರಳಲು ಬಹುಕಾಲ ಹಿಡಿಯಿತು.

ಶೇ. 50ರ ನಿಜವಾದ ಲೆಕ್ಕ

‘ಅರ್ಧದಷ್ಟು ಪ್ರೇಕ್ಷಕರಿಗೆ ಅವಕಾಶ’ ಎಂದ ಕೂಡಲೇ ಅರ್ಧದಷ್ಟು ವ್ಯಾಪಾರ ಆಗುವುದೆಂದು ಭಾವಿಸುವುದು ಸಹಜ. ಇದು ಸರಿಯಾದ ಲೆಕ್ಕವಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ರಾಬರ್ಟ್‌ಸನ್‌ಪೇಟೆಯಿಂದ 20 ಮಂದಿ 6,000 ರೂಪಾಯಿಗೆ ಒಂದು ವಾಹನವನ್ನು ಗೊತ್ತುಮಾಡಿದರೆ ತಲೆಗೆ 300 ರೂಪಾಯಿ ಬೀಳುತ್ತದೆ. ಆಸನಗಳಲ್ಲಿ ಅರ್ಧ ಮಾತ್ರ ತುಂಬಬೇಕೆಂಬ ನಿಯಮವಿದ್ದಾಗ ಡೀಸೆಲ್ ಖರ್ಚು ಅರ್ಧವಾಗುವುದಿಲ್ಲ, ಚಾಲಕನ ಬತ್ತೆಯೂ ಅರ್ಧವಾಗುವುದಿಲ್ಲ. ತಲೆಗೆ 600 ರೂಪಾಯಿಯಾಗುತ್ತದೆ. ಪಂದ್ಯದ ಟಿಕೆಟ್ಟಿಗಿಂತ ಪ್ರಯಾಣವೇ ದುಬಾರಿಯಾದಾಗ ದಿನಗೂಲಿಯವನು ಮನೆಯಲ್ಲೇ ಉಳಿಯುತ್ತಾನೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಕ್ರೀಡಾಂಗಣದಲ್ಲಿ ಅರ್ಧ ಆಸನ, ವಾಹನದಲ್ಲಿ ಅರ್ಧ ಆಸನ ಎಂದಿದ್ದಾಗ, ಟಿಕೆಟ್ ಸಿಕ್ಕವನಿಗೇ ವಾಹನದಲ್ಲಿಯೂ ಸ್ಥಳ ಸಿಗುವುದೆಂಬ ಭರವಸೆಯಿಲ್ಲ. ಹೋಗಬಯಸಿದ ನೂರು ಜನರಲ್ಲಿ 50 ಜನರಿಗೆ ಟಿಕೆಟ್ ದೊರೆತು, ಆ 50ರಲ್ಲಿ ಅರ್ಧ ಜನರಿಗೆ ಮಾತ್ರ ವಾಹನ ದೊರೆತರೆ, ಹೊರಡುವವರು 25 ಮಂದಿ. ಅರ್ಧದ ಅರ್ಧ ಕಾಲುಭಾಗವೇ. ಕ್ರೀಡಾಂಗಣದ ಪಕ್ಕದ ಬಡಾವಣೆಯವನು ನಡೆದೇ ಬರಬಲ್ಲ. ದೂರದ ಊರಿನವನಿಗೆ ಒಂದೊಂದು ನಿಯಮವೂ ಒಂದೊಂದು ಜರಡಿ. ಆದಕಾರಣ ಒಂದೇ ರಾಜ್ಯದ ಒಂದೇ ಆದೇಶವು ಬೆಂಗಳೂರಿನ ವ್ಯಾಪಾರಿಗಿಂತ ಬಂಗಾರಪೇಟೆಯ ವ್ಯಾಪಾರಿಯನ್ನು ಹೆಚ್ಚು ಬಾಧಿಸುವುದು ಸಾಧ್ಯ.

ವೇಳೆಯ ನಿರ್ಬಂಧವೂ ಇಂತಹುದೇ. 2021ರ ಡಿಸೆಂಬರ್ 28ರಿಂದ ರಾಜ್ಯದಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ಸಂಚಾರ ನಿರ್ಬಂಧ ಜಾರಿಗೆ ಬಂದಿತು. ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಅದರ ಜೊತೆಗೂಡಿತು. ಸಂಜೆ 7.30ಕ್ಕೆ ಆರಂಭವಾಗುವ ಪಂದ್ಯ ಮುಗಿಯುವಾಗ 9.30 ಸಮೀಪಿಸಿರುತ್ತದೆ. ಅರ್ಧ ಗಂಟೆಯಲ್ಲಿ ಬೆಂಗಳೂರಿನಿಂದ ಕೆಜಿಎಫ್ ತಲುಪುವುದು ಅಸಾಧ್ಯ. ಇಂತಹ ನಿಯಮವಿದ್ದಾಗ ಕ್ರೀಡಾಂಗಣವನ್ನು ಪೂರ್ಣವಾಗಿ ತೆರೆದರೂ ದೂರದ ಪ್ರೇಕ್ಷಕನ ಪಾಲಿಗೆ ಅದು ಮುಚ್ಚಿದಂತೆಯೇ ಸರಿ.

ಇಂಗ್ಲೆಂಡಿನ ಶ್ರೇಣಿ ಪದ್ಧತಿ

ಪ್ರಾದೇಶಿಕ ನಿರ್ಬಂಧವನ್ನು ಫುಟ್‌ಬಾಲ್ ಪ್ರೇಕ್ಷಕರಿಗೆ ನೇರವಾಗಿ ಅನ್ವಯಿಸಿದ ದೇಶ ಇಂಗ್ಲೆಂಡ್. 2020ರ ಡಿಸೆಂಬರ್ 2ರಿಂದ ಅಲ್ಲಿನ ಪ್ರದೇಶಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಲಾಯಿತು. ಮೊದಲನೆಯ ಶ್ರೇಣಿಯಲ್ಲಿ ಗರಿಷ್ಠ 4,000, ಎರಡನೆಯದರಲ್ಲಿ 2,000 ಪ್ರೇಕ್ಷಕರಿಗೆ ಅವಕಾಶ. ಮೂರನೆಯದರಲ್ಲಿ ಯಾರಿಗೂ ಇಲ್ಲ. ಲಿವರ್‌ಪೂಲ್ ಎರಡನೆಯ ಶ್ರೇಣಿಯಲ್ಲಿದ್ದುದರಿಂದ ಅಲ್ಲಿ 2,000 ಜನ ಪಂದ್ಯ ನೋಡಿದರು. ನೆರೆಯ ಮ್ಯಾಂಚೆಸ್ಟರ್ ಮೂರನೆಯದರಲ್ಲಿದ್ದುದರಿಂದ ಅಲ್ಲಿನ ಕ್ರೀಡಾಂಗಣಗಳು ಬರಿದಾಗಿಯೇ ಇದ್ದವು. ಲಂಡನ್ನಿಗೆ ದೊರೆತ ಅವಕಾಶ ಎರಡು ವಾರ ಮಾತ್ರ ಉಳಿಯಿತು. ಡಿಸೆಂಬರ್ 16ರಿಂದ ಆ ನಗರ ಮೂರನೆಯ ಶ್ರೇಣಿಗೆ ಸೇರಿತು. ಆ ಎರಡು ವಾರಗಳ ಅವಕಾಶವನ್ನು ನಂಬಿ ತಿಂಗಳಿಡೀ ಸಾಲುವಷ್ಟು ದಾಸ್ತಾನು ತರಿಸಿದವನ ಪಾಡನ್ನು ಊಹಿಸಬಹುದು.

ನಮ್ಮ ದೇಶದಲ್ಲಿಯೂ ಇಂತಹ ಹಠಾತ್ ಬದಲಾವಣೆ ನಡೆದಿದೆ. 2021ರ ಮಾರ್ಚ್‌ನಲ್ಲಿ ಅಹಮದಾಬಾದಿನಲ್ಲಿ ನಡೆದ ಭಾರತ–ಇಂಗ್ಲೆಂಡ್ ಟಿ–20 ಕ್ರಿಕೆಟ್ ಸರಣಿಯ ಮೊದಲ ಎರಡು ಪಂದ್ಯಗಳಿಗೆ ಪ್ರೇಕ್ಷಕರಿದ್ದರು; ಮಾರ್ಚ್ 16ರ ಮೂರನೆಯ ಪಂದ್ಯದಿಂದ ಪ್ರವೇಶ ನಿಷೇಧಿಸಲಾಯಿತು.

ನಿರ್ಬಂಧ ಹೋಯಿತು, ಪಂದ್ಯ ಬರಲಿಲ್ಲ

ಕೆಜಿಎಫ್‌ನ ಅನುಭವದಿಂದ ತಿಳಿಯಬೇಕಾದ ಮುಖ್ಯ ಸಂಗತಿ ಇಲ್ಲಿದೆ. 2022ರ ಜನವರಿ ಅಂತ್ಯಕ್ಕೆ ರಾತ್ರಿ ಕರ್ಫ್ಯೂ ತೆರವಾಯಿತು. ಮಾರ್ಚ್ 12ರಂದು ಬೆಂಗಳೂರಿನಲ್ಲಿ ಆರಂಭವಾದ ಭಾರತ–ಶ್ರೀಲಂಕಾ ಟೆಸ್ಟ್ ಪಂದ್ಯಕ್ಕೆ ಪೂರ್ಣ ಪ್ರಮಾಣದಲ್ಲಿ ಪ್ರೇಕ್ಷಕರಿಗೆ ಅವಕಾಶ ದೊರೆಯಿತು. ವಿಪತ್ತು ನಿರ್ವಹಣಾ ಕಾಯ್ದೆಯನ್ವಯ ಹೊರಡಿಸಿದ್ದ ಕೇಂದ್ರದ ಆದೇಶಗಳು ಮಾರ್ಚ್ 31ಕ್ಕೆ ಕೊನೆಗೊಂಡವು. ಆದರೆ ಫುಟ್‌ಬಾಲ್ ಪ್ರೇಕ್ಷಕ ಮತ್ತೂ ಆರು ತಿಂಗಳು ಕಾಯಬೇಕಾಯಿತು. ಕಾರಣ, 2020–21 ಮತ್ತು 2021–22ರ ಲೀಗ್‌ಗಳನ್ನು ಸಂಘಟಕರು ಸಂಪೂರ್ಣವಾಗಿ ಗೋವಾದಲ್ಲಿಯೇ ಏರ್ಪಡಿಸಿದ್ದರು. 2022ರ ಮಾರ್ಚ್ 20ರ ಫೈನಲ್‌ಗೆ ಗೋವಾ ಸರ್ಕಾರ ಪೂರ್ಣ ಪ್ರೇಕ್ಷಕರನ್ನು ಬಿಟ್ಟಿತು. ಹೈದರಾಬಾದ್ ತಂಡವು ಕೇರಳ ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿದ ಆ ದಿನದ ವ್ಯಾಪಾರ ಮಡಗಾಂವಿನ ವರ್ತಕರ ಪಾಲಾಯಿತು.

ಸರ್ಕಾರದ ಆದೇಶ ಅನುಮತಿಯನ್ನು ಮಾತ್ರ ಕೊಡುತ್ತದೆ. ಗಿರಾಕಿಯನ್ನು ಕೊಡುವುದು ಸಂಘಟಕರ ವೇಳಾಪಟ್ಟಿ ಮತ್ತು ರೈಲಿನ ವೇಳಾಪಟ್ಟಿ. ಆದೇಶದ ಸುದ್ದಿಯನ್ನು ಓದಿದ ದಿನವೇ ಬಂಡವಾಳ ಹೂಡಿದವರು ಕಾಯುವ ಕಾಲದ ಬಡ್ಡಿಯನ್ನು ತೆರಬೇಕಾಗುತ್ತದೆ.

ವರ್ತಕರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಆರ್ಡರ್ ಸ್ವೀಕರಿಸುವಾಗ ಷರತ್ತನ್ನು ಬರವಣಿಗೆಯಲ್ಲಿ ನಮೂದಿಸಬೇಕು. ಒಪ್ಪಂದವಾದ ನಂತರ ಕಾರ್ಯವು ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ ಒಪ್ಪಂದ ಅನೂರ್ಜಿತವಾಗುವುದೆಂದು 1872ರ ಭಾರತೀಯ ಕರಾರು ಕಾಯ್ದೆಯ 56ನೆಯ ಕಲಮು ಹೇಳುತ್ತದೆ; ಹಾಗಾದಾಗ ಪಡೆದ ಪ್ರಯೋಜನವನ್ನು ಹಿಂತಿರುಗಿಸಬೇಕೆಂದು 65ನೆಯ ಕಲಮು ವಿಧಿಸುತ್ತದೆ. ಆದರೆ ಲಾಭ ಕುಗ್ಗಿತು, ಖರ್ಚು ಹೆಚ್ಚಾಯಿತು ಎಂಬುದು ‘ಅಸಾಧ್ಯ’ ಎನಿಸುವುದಿಲ್ಲ. 500 ಅಂಗಿ ಮುದ್ರಿಸಿದ ಮೇಲೆ ಪಂದ್ಯವು ಪ್ರೇಕ್ಷಕರಿಲ್ಲದೆ ನಡೆದರೆ, ಪಂದ್ಯ ನಡೆದಂತೆಯೇ ಹೊರತು ರದ್ದಾದಂತಲ್ಲ. ಆದ್ದರಿಂದ ‘ಪ್ರೇಕ್ಷಕರ ಪ್ರವೇಶ ನಿರ್ಬಂಧಿತವಾದಲ್ಲಿ’ ಮುಂಗಡ ಯಾರದು, ಸಿದ್ಧವಾದ ಮಾಲು ಯಾರದು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಉಚಿತ.

ಎರಡನೆಯದಾಗಿ, ತಯಾರಿಕೆಯನ್ನು ಕಂತುಗಳಾಗಿ ವಿಭಜಿಸಬೇಕು. ಬಟ್ಟೆಯನ್ನು ಒಮ್ಮೆಗೇ ಕೊಂಡರೂ ತಂಡದ ಹೆಸರು, ಪಂದ್ಯದ ದಿನಾಂಕಗಳ ಮುದ್ರಣವನ್ನು ಕೊನೆಗೆ ಇರಿಸಿಕೊಳ್ಳಬಹುದು. ದಿನಾಂಕವಿಲ್ಲದ ನೀಲಿ ಅಂಗಿ ಮುಂದಿನ ವರ್ಷವೂ ಮಾರಾಟವಾಗುತ್ತದೆ. ದಿನಾಂಕವಿರುವುದು ಒರೆಸುವ ಬಟ್ಟೆಯಾಗುತ್ತದೆ.

ಮೂರನೆಯದಾಗಿ, ಬೀದಿಬದಿ ವ್ಯಾಪಾರಿಗಳು ಸ್ಥಳೀಯ ಸಂಸ್ಥೆಯಿಂದ ಗುರುತಿನ ದಾಖಲೆ ಪಡೆದಿರುವುದು ಅವಶ್ಯ. 2020ರ ಜೂನ್ 1ರಂದು ಆರಂಭವಾದ ಪಿಎಂ ಸ್ವನಿಧಿ ಯೋಜನೆಯು ಆಗ ಮೊದಲ ಕಂತಾಗಿ 10,000 ರೂಪಾಯಿಯವರೆಗೆ ಸಾಲ ಒದಗಿಸಿತು. ಅದೇ ವರ್ಷದ ಮಾರ್ಚ್ 24ರಂದು ಅಥವಾ ಅದಕ್ಕೂ ಮೊದಲಿನಿಂದ ವ್ಯಾಪಾರ ನಡೆಸುತ್ತಿದ್ದರೆಂಬುದು ಅದರ ಷರತ್ತು. ದಾಖಲೆಯಿಲ್ಲದವರು ಕಷ್ಟದ ನಡುವೆ ಕಚೇರಿಗೆ ಅಲೆಯಬೇಕಾಯಿತು.

ನಾಲ್ಕನೆಯದಾಗಿ, ನಿರ್ಬಂಧದ ಸುದ್ದಿ ಬಂದಾಗ ಕೇಳಬೇಕಾದ ಪ್ರಶ್ನೆ ‘ಕ್ರೀಡಾಂಗಣ ತೆರೆದಿದೆಯೇ?’ ಎಂಬುದಷ್ಟೇ ಅಲ್ಲ. ಗಿರಾಕಿ ಹೊರಡುವ ಜಿಲ್ಲೆ, ಹಾಯುವ ಜಿಲ್ಲೆ, ಸೇರುವ ಜಿಲ್ಲೆಗಳ ನಿಯಮವೇನು? ಹಿಂತಿರುಗುವ ಕೊನೆಯ ರೈಲು ಎಷ್ಟು ಗಂಟೆಗೆ? ಈ ಕೊಂಡಿಗಳಲ್ಲಿ ಅತ್ಯಂತ ದುರ್ಬಲವಾದುದು ಯಾವುದೋ ಅದಕ್ಕೆ ತಕ್ಕಂತೆ ದಾಸ್ತಾನು ಇರಬೇಕು.

2022ರ ಅಕ್ಟೋಬರ್ 8ರಂದು ಕಂಠೀರವದ ದೀಪಗಳು ಮತ್ತೆ ಬೆಳಗಿದಾಗ ಬೆಂಗಳೂರು ತಂಡವು ನಾರ್ತ್‌ಈಸ್ಟ್ ಯುನೈಟೆಡ್ ತಂಡದ ವಿರುದ್ಧ 1–0ಯಿಂದ ಗೆದ್ದಿತು. 2020ರ ಮಾರ್ಚ್ 1ರ ಪಂದ್ಯದ ಅಂತರವೂ ಅಷ್ಟೇ. ಆಟದ ಪುಸ್ತಕದಲ್ಲಿ ಈ ಎರಡು ಗೆಲುವುಗಳು ಒಂದರ ಕೆಳಗೊಂದು ಬರೆದುಕೊಳ್ಳಬಹುದಾದ ಸಾಲುಗಳು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅವುಗಳ ನಡುವೆ 31 ತಿಂಗಳ ಬಾಡಿಗೆ, ಬಡ್ಡಿ ಮತ್ತು ಮಾರಾಟವಾಗದ ಮಾಲು ದಾಖಲಾಗಿವೆ.