ವೆಬ್‌ಸೈಟ್ ಅಂಗಡಿಯಲ್ಲಿ ಕನ್ನಡದ ಕಪಾಟು ಎಲ್ಲಿ?

ಸೊಲ್ಲಾಪುರದ ಚಾದರ ಅಂಗಡಿಗೆ ಹೋದ ಗಿರಾಕಿ ದಾರಿ ತಪ್ಪುವುದಿಲ್ಲ. ಒಂಟಿ ಚಾದರ ಒಂದು ಕಪಾಟಿನಲ್ಲಿ, ಜೋಡಿ ಇನ್ನೊಂದರಲ್ಲಿ, ಟವೆಲ್ ಬೇರೆ. ಮರಾಠಿಯವರು ಬಂದರೆ ‘ಯಾ, ಬಸಾ’. ಇಂಡಿ, ಆಳಂದ ಕಡೆಯವರು ಬಂದರೆ ‘ಬರ್ರಿ, ಕುಂಡ್ರಿ’. ಎರಡೂ ಭಾಷೆಗೆ ಒಂದೇ ಗಾದಿ, ಒಂದೇ ಮರ್ಯಾದೆ.

ಇದೇ ಅಂಗಡಿ ವೆಬ್‌ಸೈಟ್ ಆಯಿತೆಂದು ಇಟ್ಟುಕೊಳ್ಳಿ. ಕನ್ನಡದಲ್ಲೂ ದರದ ಪುಟ ಬರೆಸಿದ್ದಾರೆ. ಆದರೆ ಅದು ‘ಇತರೆ’ ಒಳಗೆ ‘ಮಾಹಿತಿ’, ಅದರೊಳಗೆ ‘ಭಾಷೆ’, ಆಮೇಲೆ ‘ಕನ್ನಡ’ ಎಂದು ನಾಲ್ಕನೇ ಮೆಟ್ಟಿಲಲ್ಲಿ ಕೂತಿದೆ. ಆಳಂದದ ಗಿರಾಕಿ ಎರಡು ಸಲ ಒತ್ತಿ ನೋಡುತ್ತಾನೆ, ‘ಇಲ್ಲೇನೂ ಇಲ್ರಿ’ ಅಂತ ಫೋನ್ ಜೇಬಿಗೆ ಹಾಕುತ್ತಾನೆ. ಪುಟ ಇದ್ದೂ ಇಲ್ಲದಂತಾಯಿತು. ತಪ್ಪು ಪುಟದ್ದಲ್ಲ, ಮೆನುವಿನದು.

ಸಣ್ಣ ವ್ಯಾಪಾರಿಗಳ ಎಷ್ಟೋ ವೆಬ್‌ಸೈಟ್‌ಗಳು ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ. 2003ರಲ್ಲಿ ಹುಟ್ಟಿದ ಇದಕ್ಕೆ ದುಡ್ಡು ಕೊಡಬೇಕಿಲ್ಲ. 2005ರ 1.5ನೇ ಆವೃತ್ತಿಯಲ್ಲಿ ‘ಪೇಜ್’ ಮತ್ತು ‘ಥೀಮ್’ ಎರಡೂ ಬಂದವು. ಥೀಮ್ ಅಂದರೆ ಅಂಗಡಿಯ ಕಟ್ಟಡ, ಪೇಜ್ ಅಂದರೆ ಸರಕು.

ಪುಟಗಳ ಲೆಕ್ಕ ವಂಶಾವಳಿಯ ಹಾಗೆ. ಪ್ರತಿ ಪುಟವೂ ‘ನನ್ನ ಅಪ್ಪ ಯಾರು’ ಎಂಬ ಒಂದೇ ಗುರುತು ಇಟ್ಟುಕೊಂಡಿರುತ್ತದೆ. ಅಪ್ಪನಿಲ್ಲದಿದ್ದರೆ ಅಲ್ಲಿ 0. ‘ಒಂಟಿ ಚಾದರ’ದ ಅಪ್ಪ ‘ಚಾದರ’, ‘ಚಾದರ’ದ ಅಪ್ಪ ‘ಕನ್ನಡ’. ಇಷ್ಟು ಬರೆದಿಟ್ಟರೆ ಸಾಕು, ಇಡೀ ಮನೆತನದ ಪಟ್ಟಿಯನ್ನು ಥೀಮ್ ತಾನೇ ಹಾಕಿಕೊಳ್ಳುತ್ತದೆ. ಆ ಕೆಲಸಕ್ಕೆ ‘ಡಬ್ಲ್ಯೂಪಿ ಲಿಸ್ಟ್ ಪೇಜಸ್’ ಎಂಬ ಆಜ್ಞೆಯಿದೆ.

ಕೆಲವರು ಮೆನುವನ್ನು ಥೀಮಿನ ಕಡತದಲ್ಲಿ ಕೈಯಾರೆ ಬರೆದುಬಿಡುತ್ತಾರೆ. ಆಗ ಹೊಸ ಪುಟ ಸೇರಿಸಿದಾಗಲೆಲ್ಲ ಬರೆದವರನ್ನೇ ಹುಡುಕಿಕೊಂಡು ಹೋಗಬೇಕು. ಆಜ್ಞೆ ಬಳಸಿದರೆ ಪ್ರಕಟವಾದ ಪುಟ ತಾನಾಗಿ ತನ್ನ ಅಪ್ಪನ ಕೆಳಗೆ ಬಂದು ನಿಲ್ಲುತ್ತದೆ.

ಈ ಆಜ್ಞೆಗೆ ಮೂರು ಮಾತು ಹೇಳಿಕೊಡಬೇಕು. ಮೊದಲನೆಯದು ‘ಡೆಪ್ತ್’, ಅಂದರೆ ಆಳ: 1 ಎಂದರೆ ಮೇಲಿನ ಸಾಲು ಮಾತ್ರ, 2 ಎಂದರೆ ಮಕ್ಕಳವರೆಗೆ, 0 ಎಂದರೆ ಎಲ್ಲ ತಲೆಮಾರು. ಅಂಗಡಿಗೆ 2 ಸಾಕು, ಅದಕ್ಕಿಂತ ಕೆಳಗೆ ಗಿರಾಕಿ ಇಳಿಯುವುದು ಅಪರೂಪ. ಎರಡನೆಯದು ‘ಆರ್ಡರ್’: ಯಾವ ಪುಟ ಮೊದಲು ಎಂಬ ಅಂಕಿ. ಮೂರನೆಯದು ‘ಚೈಲ್ಡ್ ಆಫ್’: ಇಂಥ ಪುಟದ ಸಂತಾನವನ್ನಷ್ಟೇ ತೋರಿಸು ಎಂಬ ಸೂಚನೆ.

ಎರಡು ಭಾಷೆಯವರಿಗೆ ಉಪಕಾರ ಆಗುವುದು ಈ ಮೂರನೆಯದರಿಂದಲೇ. ‘ಕನ್ನಡ’, ‘ಮರಾಠಿ’ ಎಂದು ಎರಡು ಮೂಲ ಪುಟ ಮಾಡಿ, ಸರಕು, ದರ, ವಿಳಾಸ ಇವನ್ನು ಎರಡರ ಕೆಳಗೂ ಪ್ರತ್ಯೇಕ ಇಡಿ. ಕನ್ನಡ ಪುಟದಲ್ಲಿರುವವನಿಗೆ ಕನ್ನಡದ ಮಕ್ಕಳೇ ಮೆನುವಿನಲ್ಲಿ ಕಾಣಲಿ. ಆಚೆ ಮನೆಗೆ ಹೋಗಲು ಮೇಲೊಂದು ಬಾಗಿಲು ಇದ್ದರಾಯಿತು. ಆ ಬಾಗಿಲ ಮೇಲೆ ‘ಕನ್ನಡ’ ಎಂದು ಕನ್ನಡ ಅಕ್ಷರದಲ್ಲೇ ಬರೆಸಿ.

2010ರ 3.0 ಆವೃತ್ತಿಯಿಂದ ಪುಟಗಳ ವಂಶಾವಳಿ ಹೇಗೇ ಇರಲಿ, ಮೆನುವನ್ನು ಬೇರೆಯಾಗಿ ಎಳೆದು ಜೋಡಿಸುವ ಅನುಕೂಲ ಬಂತು. ಅನುಕೂಲದ ಜೊತೆ ಒಂದು ಮರೆವೂ ಬಂತು. ಹೊಸ ಪುಟ ತಾನಾಗಿ ಮೆನು ಸೇರಲಿ ಎಂದು ಗುರುತು ಹಾಕಿದರೂ ಅದು ಅಪ್ಪನಿಲ್ಲದ ಪುಟಗಳಿಗೆ ಮಾತ್ರ. ‘ಕನ್ನಡ’ದ ಕೆಳಗಿನ ಹೊಸ ದರಪಟ್ಟಿಯನ್ನು ನೀವೇ ಸೇರಿಸಬೇಕು. 2022ರ 5.9ರ ನಂತರ ಬ್ಲಾಕ್ ಥೀಮ್‌ಗಳಲ್ಲಿ ‘ನ್ಯಾವಿಗೇಶನ್’ ಎಂಬ ಬ್ಲಾಕಿನಲ್ಲಿ ಈ ಕೆಲಸ ನಡೆಯುತ್ತದೆ. ರೀತಿ ಬೇರೆ, ವಿಚಾರ ಅದೇ.

ಇನ್ನೆರಡು ಎಚ್ಚರಿಕೆ. ಮೌಸ್ ಮೇಲಿಟ್ಟರೆ ಮಾತ್ರ ಮಕ್ಕಳು ಕಾಣುವ ಮೆನು ಫೋನಿನಲ್ಲಿ ಕೈಕೊಡುತ್ತದೆ, ಅಲ್ಲಿ ಮೌಸ್ ಎಲ್ಲಿಂದ ತರ್ತೀರಿ? ಬೆರಳಿಂದ ಒತ್ತಿದರೂ ತೆರೆಯುವಂತೆ ಮಾಡಿಸಿ. ಎರಡನೆಯದು, ವಿಳಾಸದಲ್ಲಿ ಪುಟಗಳ ಹೆಸರು ಬರುವಂತೆ ಇಟ್ಟಿದ್ದರೆ ಅಪ್ಪನನ್ನು ಬದಲಿಸಿದಾಗ ಮಗನ ವಿಳಾಸವೂ ಬದಲಾಗುತ್ತದೆ. ಬಿಲ್ಲಿನ ಮೇಲೆ ಅಚ್ಚು ಹಾಕಿಸುವ ಮೊದಲೇ ಮನೆತನ ಗಟ್ಟಿ ಮಾಡಿಕೊಳ್ಳಿ.

ವೆಬ್‌ಸೈಟ್ ಮಾಡಿಕೊಡುವವರು ಬಣ್ಣ, ಚಿತ್ರ ತೋರಿಸುತ್ತಾರೆ. ಅದನ್ನು ನೋಡಿ, ಬ್ಯಾಡ ಅನ್ನಲ್ಲ. ಆದರೆ ಹಣ ಎಣಿಸುವ ಮೊದಲು ಫೋನ್ ಕೈಗೆ ತಗೊಂಡು ಒಂದು ಮಾತು ಕೇಳಿ: ‘ಕನ್ನಡದ ದರಪಟ್ಟಿಗೆ ಎಷ್ಟು ಸಲ ಒತ್ತಬೇಕ್ರಿ?’ ಎರಡಕ್ಕಿಂತ ಹೆಚ್ಚು ಅಂದರೆ ಕಪಾಟು ಸರಿಸಲು ಹೇಳಿ.