ಬಿಳಿ ಪೊರೆ ಕಳಚುವ ತನಕ: ಟಾನ್ಸಿಲ್ ತೆಗೆಸಿದ ಮೇಲಿನ ಎರಡು ವಾರ

ಆಪರೇಶನ್ ಆಗಿ ಮೂರನೇ ದಿನ. ಮನೆಗೆ ಬಂದ ಹುಡುಗನ ಬಾಯಿ ತೆರೆಸಿ ತಾಯಿ ಮೊಬೈಲ್ ಟಾರ್ಚ್ ಹಿಡಿಯುತ್ತಾಳೆ. ಕಿರುನಾಲಿಗೆಯ ಎರಡೂ ಬದಿಗೆ ಸುಣ್ಣ ಬಳಿದ ಹಾಗೆ ದಪ್ಪನೆ ಬಿಳಿ ಪೊರೆ. ಬಾಯಿಂದ ಕೆಟ್ಟ ವಾಸನೆ. "ಅಯ್ಯ, ಕೀವು ತುಂಬ್ಯಾದ!" ಎನ್ನುವ ಕೂಗಿಗೆ ಮನೆಮಂದಿಯೆಲ್ಲ ಸೇರುತ್ತಾರೆ. ಆಚೆ ಮನೆಯವರು ಅರಿಶಿಣ ಒತ್ತಿರಿ ಅನ್ನುತ್ತಾರೆ, ಈಚೆ ಮನೆಯವರು ಬಟ್ಟೆ ಸುತ್ತಿದ ಬೆರಳಿಂದ ಒರೆಸಿ ತೆಗೆಯಿರಿ ಅನ್ನುತ್ತಾರೆ.

ದಯವಿಟ್ಟು ಎರಡನ್ನೂ ಮಾಡಬೇಡಿ. ಅದು ಕೀವಲ್ಲ, ಹಕ್ಕಳೆ. ಮೊಣಕಾಲು ತರಚಿದರೆ ಮೇಲೆ ಒಣಗಿ ಕಪ್ಪಾಗುವ ಹಕ್ಕಳೆಯೇ ಸದಾ ಒದ್ದೆಯಿರುವ ಗಂಟಲಲ್ಲಿ ಒಣಗಲಾಗದೆ ಬೆಳ್ಳಗೆ, ಒಮ್ಮೊಮ್ಮೆ ಹಳದಿ-ಬೂದು ಬಣ್ಣಕ್ಕೆ ನಿಂತುಕೊಳ್ಳುತ್ತದೆ. ಟಾನ್ಸಿಲ್ ಇದ್ದ ಜಾಗದಲ್ಲಿ ಹೊಲಿಗೆ ಹಾಕಿ ಚರ್ಮ ಮುಚ್ಚುವುದಿಲ್ಲ. ಎರಡು ಬದಿಗೂ ಹಸಿ ಸ್ನಾಯುವಿನ ಕುಳಿ ತೆರೆದೇ ಇರುತ್ತದೆ. ಆ ಕುಳಿಯನ್ನು ಕಾಯುವುದು ಈ ಪೊರೆ. ಆಪರೇಶನ್ ಆದ ಒಂದು ದಿನದೊಳಗೆ ಕಟ್ಟಿಕೊಂಡು, ಸಾಮಾನ್ಯವಾಗಿ ಐದನೇ ದಿನದಿಂದ ಹತ್ತನೇ ದಿನದೊಳಗೆ ತಾನಾಗಿ ಚೂರುಚೂರಾಗಿ ಕಳಚುತ್ತದೆ. ವಾಸನೆ ಬರುವುದೂ ಇದರಿಂದಲೇ. ಕೀಳಲು ಹೋದರೆ ಕೆಳಗಿನ ರಕ್ತನಾಳ ತೆರೆದುಕೊಳ್ಳುತ್ತದೆ.

ಹದಿನಾರು ಹದಿನೇಳರ ಮಕ್ಕಳು, ಮೂವತ್ತರ ಗಂಡಸರು, ಹೆಂಗಸರು ಈ ಆಪರೇಶನ್ ಮಾಡಿಸಿಕೊಂಡಾಗ ಮನೆಯವರಿಗೆ ಹಳೆಯ ಲೆಕ್ಕ ನೆನಪಿರುತ್ತದೆ: "ಸಣ್ಣಾಕಿದ್ದಾಗ ನಮ್ಮ ತಂಗೀದು ಆಗಿತ್ತು, ನಾಲ್ಕು ದಿನಕ್ಕ ಆಡಕೋತ ಹೋದ್ಲು." ದೊಡ್ಡವರಿಗೆ ಆ ಲೆಕ್ಕ ನಡೆಯುವುದಿಲ್ಲ. ವರ್ಷಗಟ್ಟಲೆ ಮತ್ತೆ ಮತ್ತೆ ಬಾತು ಇಳಿದ ಟಾನ್ಸಿಲ್ ಹಿಂದಿನ ಸ್ನಾಯುವಿಗೆ ಅಂಟಿಕೊಂಡು ಗಟ್ಟಿಯಾಗಿರುತ್ತದೆ. ಬಿಡಿಸುವಾಗ ಗಾಯ ಆಳವಾಗುತ್ತದೆ. ಎಳೆಯ ಮಕ್ಕಳಿಗೆ ವಾರ, ಹತ್ತು ದಿನ ಸಾಕಾದರೆ ಹದಿಹರೆಯದವರಿಗೂ ದೊಡ್ಡವರಿಗೂ ಹತ್ತರಿಂದ ಹದಿನಾಲ್ಕು ದಿನ, ಕೆಲವರಿಗೆ ಮೂರು ವಾರವೂ ಬೇಕು. ಕಾಲೇಜಿಗೆ, ಕೆಲಸಕ್ಕೆ ಎರಡು ವಾರದ ರಜೆ ಮೊದಲೇ ಬರೆದುಕೊಡಿ.

ನೋವು ದಿನದಿಂದ ದಿನಕ್ಕೆ ನೇರವಾಗಿ ಇಳಿಯುವುದೂ ಇಲ್ಲ. ಮೊದಲ ದಿನ ಅರಿವಳಿಕೆಯ ಮಂಪರು, ಆಸ್ಪತ್ರೆಯ ಇಂಜೆಕ್ಷನ್‌ಗಳಿಂದ ಸಹಿಸಬಹುದು ಅನ್ನಿಸುತ್ತದೆ. ಮೂರನೇ, ನಾಲ್ಕನೇ ದಿನಕ್ಕೆ ಏರುತ್ತದೆ. ಪೊರೆ ಕಳಚುವ ಆರು, ಏಳನೇ ದಿನದ ಸುತ್ತ ಇನ್ನೊಮ್ಮೆ ಏರಬಹುದು. "ಕಡಿಮಿ ಆಗಬೇಕಾಗಿತ್ತು, ಹೆಚ್ಚಾಗ್ಯಾದ" ಎಂದು ಹೆದರುವುದು ಆಗಲೇ. ಜೊತೆಗೆ ಕಿವಿ ನೋವು. ಕಿವಿಯೊಳಗೆ ಏನೂ ಆಗಿರುವುದಿಲ್ಲ. ಗಂಟಲ ಈ ಭಾಗಕ್ಕೂ ನಡುಗಿವಿಗೂ ಒಂದೇ ನರ ಹೋಗುವುದರಿಂದ ಗಂಟಲ ನೋವನ್ನು ಮಿದುಳು ಕಿವಿಯದೆಂದು ಓದುತ್ತದೆ. ಅದಕ್ಕೆಂದು ಬಿಸಿ ಎಣ್ಣೆ ಬಿಡಬೇಡಿ. ಕಿರುನಾಲಿಗೆ ಬಾತು ಉದ್ದವಾಗುವುದು, ನಾಲಿಗೆಯ ರುಚಿ ಕೆಡುವುದು, ದವಡೆ ಬಿಗಿಯುವುದು, ದನಿ ಮೂಗಿನಲ್ಲಿ ಆಡಿದಂತಾಗುವುದು, ಮೊದಲ ಒಂದೆರಡು ದಿನ ಸಣ್ಣ ಜ್ವರ, ಇವೆಲ್ಲ ಬಂದು ಹೋಗುವಂಥವು.

ಈಗ ನೀರಿನ ಮಾತು. ಈ ಎರಡು ವಾರದಲ್ಲಿ ರೋಗಿಯ ಕೈಯಲ್ಲಿರುವ ದೊಡ್ಡ ಔಷಧಿ ಅದೇ. ನುಂಗಿದರೆ ನೋಯುತ್ತದೆಂದು ನೀರು ಬಿಟ್ಟರೆ ಗಂಟಲು ಒಣಗುತ್ತದೆ, ಪೊರೆ ಬಿರಿಯುತ್ತದೆ, ನೋವು ಇಮ್ಮಡಿಯಾಗಿ ನುಂಗುವುದು ಇನ್ನೂ ಕಷ್ಟವಾಗುತ್ತದೆ. ನಮ್ಮ ಕಡೆ ಇದಕ್ಕೆ ಬಿಸಿಲೂ ಸೇರುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಮುಗಿಯಲಿ, ರಜೆಯಲ್ಲಿ ಮಾಡಿಸೋಣ ಎಂದರೆ ಅದು ಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ. ಬೀದರ್ ಜಿಲ್ಲೆಯಲ್ಲಿ ಆಗ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಬಾಯಿ ತೆರೆದು ಉಸಿರಾಡುತ್ತ ಮಲಗಿದವನ ಗಂಟಲು ಒಂದು ರಾತ್ರಿಯಲ್ಲಿ ಕಾಗದದ ಹಾಗೆ ಒಣಗುತ್ತದೆ. ಒಂದು ಲೀಟರಿನ ಬಾಟಲಿ ಪಕ್ಕದಲ್ಲಿಟ್ಟು ದಿನಕ್ಕೆ ಎರಡೂವರೆಯಾದರೂ ಖಾಲಿಯಾಗಬೇಕೆಂದು ಲೆಕ್ಕ ಇಟ್ಟುಕೊಳ್ಳಿ. ಲೋಟ ಎತ್ತಿ ಗಟಗಟ ಕುಡಿಯುವುದು ಆಗದು. ಹತ್ತು ನಿಮಿಷಕ್ಕೊಂದು ಸಣ್ಣ ಗುಟುಕು. ಮೂತ್ರ ಗಾಢ ಹಳದಿಯಾದರೆ, ಇಡೀ ದಿನದಲ್ಲಿ ಎರಡೇ ಸಲ ಹೋದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ನೀರು ಸಾಲುತ್ತಿಲ್ಲ ಎಂದರ್ಥ. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕದಡಿ ಕೊಡಿ. ಏನು ಕೊಟ್ಟರೂ ಒಳಗೆ ಹೋಗದಿದ್ದರೆ ಆಸ್ಪತ್ರೆಗೆ ಹೋಗಿ ಸಲಾಯಿನ್ ಹಾಕಿಸಬೇಕು. ಇದಕ್ಕೆ ತಾಲ್ಲೂಕು ಆಸ್ಪತ್ರೆಯೇ ಸಾಕು. ಕೂಲರ್ ಇದ್ದರೆ ನೀರು ತುಂಬಿ ಹಚ್ಚಿ, ಆ ತೇವದ ಗಾಳಿ ಗಂಟಲಿಗೆ ಒಳ್ಳೆಯದು. ಇಲ್ಲದಿದ್ದರೆ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿಸಿದರೆ ಬಾವು ಬೇಗ ಇಳಿಯುತ್ತದೆ.

"ಥಂಡ ಕೊಡಬ್ಯಾಡ್ರಿ, ನೆಗಡಿ ಆಗ್ತದ" ಎನ್ನುವ ಅಜ್ಜಿಯನ್ನು ಪ್ರೀತಿಯಿಂದಲೇ ಒಪ್ಪಿಸಬೇಕಾಗುತ್ತದೆ. ಈ ಗಾಯಕ್ಕೆ ತಂಪು ಹಿತ, ನೋವೂ ಬಾವೂ ತಗ್ಗುತ್ತವೆ. ಕಾಯಿಸಿ ಆರಿಸಿದ ನೀರಿನ ಬರ್ಫದ ತುಂಡು, ಕುಲ್ಫಿ, ಐಸ್‌ಕ್ರೀಂ ಎಲ್ಲ ನಡೆಯುತ್ತದೆ. ಬಂಡಿಯ ಮೇಲಿನ ಬರ್ಫ ಬೇಡ, ಅದರ ನೀರು ಯಾವುದೆಂದು ಗೊತ್ತಿರುವುದಿಲ್ಲ. ಹಾಲು ಕುಡಿದ ಮೇಲೆ ಲೋಳೆ ದಪ್ಪವಾದಂತೆ ಅನ್ನಿಸಿದರೆ ಮೇಲೊಂದು ಗುಟುಕು ನೀರು ಕುಡಿದರಾಯಿತು. ಹಾಲಿನಿಂದ ಕಫ ಹುಟ್ಟುವುದಿಲ್ಲ. ಕೆಂಪು ಪಾನಕಗಳನ್ನು ಮಾತ್ರ ಈ ಎರಡು ವಾರ ದೂರವಿಡಿ. ರಂಜಾನಿನ ಕಾಲಕ್ಕೆ ಮನೆಮನೆಯಲ್ಲಿರುವ ರೂಹ್ ಅಫ್ಜಾ, ಬೀಟ್‌ರೂಟ್ ರಸ ಕುಡಿದು ವಾಂತಿಯಾದರೆ ರಕ್ತವೋ ಬಣ್ಣವೋ ತಿಳಿಯದೆ ಮನೆ ಗಾಬರಿಯಾಗುತ್ತದೆ. ನಿಜವಾದ ರಕ್ತವನ್ನು ಬಣ್ಣವೆಂದು ಬಿಟ್ಟುಬಿಡುವುದಂತೂ ಇನ್ನೂ ಕೆಟ್ಟದ್ದು.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ಬಡವಾಗಿಲ್ಲ. ಜೋಳದ ನುಚ್ಚು ಮೆತ್ತಗೆ ಕುದಿಸಿ, ಆರಿಸಿ, ಹುಳಿಯಾಗದ ಮಜ್ಜಿಗೆ ಕಲಸಿ ಕೊಡಿ. ಇದಕ್ಕಿಂತ ಸಲೀಸಾಗಿ ಇಳಿಯುವ ಊಟ ನನಗೆ ಗೊತ್ತಿಲ್ಲ. ಹೆಸರುಬೇಳೆ ಕಿಚಡಿಗೆ ತುಪ್ಪ, ರವೆ ಗಂಜಿ, ಶ್ಯಾವಿಗೆ ಪಾಯಸ, ಬಾಳೆಹಣ್ಣಿನ ಶೀಕರಣಿ, ಮೆತ್ತನೆಯ ಮೊಟ್ಟೆ, ಹಾಲಿನಲ್ಲಿ ನೆನೆಸಿ ಕಿವುಚಿದ ರೊಟ್ಟಿ ಇವೆಲ್ಲ ಆಗುತ್ತವೆ. ಎಲ್ಲವೂ ಉಗುರುಬೆಚ್ಚಗಿರಲಿ ಇಲ್ಲವೆ ತಣ್ಣಗಿರಲಿ. ಬೇಡವಾದದ್ದು ಖಾರ, ಹುಳಿ, ಚೂಪು. ಪುಂಡಿಪಲ್ಯ ಹುಳಿಗೆ ಉರಿಯುತ್ತದೆ. ನಿಂಬೆ ಶರಬತ್ತೂ ಹಾಗೆಯೇ. ಶೇಂಗಾ ಹಿಂಡಿ, ಚೂಡಾ, ಮಿರ್ಚಿ ಭಜಿ, ಕಡಕ್ ರೊಟ್ಟಿ ಹದಿನಾಲ್ಕು ದಿನವಾದರೂ ಕಾಯಲಿ. ಗಟ್ಟಿ ಆಹಾರ ತಿಂದರೇ ರಕ್ತ ಬರುತ್ತದೆ ಎನ್ನಲು ಬಲವಾದ ಪುರಾವೆ ಸಿಕ್ಕಿಲ್ಲ. ಕೆಲವು ದೇಶಗಳ ಡಾಕ್ಟರರು ಬೇಗನೆ ಮಾಮೂಲಿ ಊಟ ಮಾಡಿ ಎಂದೇ ಹೇಳುತ್ತಾರೆ. ಆದರೆ ಅವರು ಹೇಳುವುದು ಬ್ರೆಡ್ಡಿನ ಮಾತು, ನಮ್ಮ ಕಡಕ್ ರೊಟ್ಟಿಯ ಅಂಚು ಬೇರೆ. ಮೆತ್ತನೆಯದನ್ನು ಜಗಿದು ನುಂಗುವುದು ಮಾತ್ರ ಬೇಕೇ ಬೇಕು. ಗಂಟಲ ಸ್ನಾಯು ಆಡುತ್ತಿದ್ದರೆ ಬಿಗಿತ ಕಡಿಮೆಯಾಗುತ್ತದೆ. ಒಂದೆರಡು ಕಿಲೋ ತೂಕ ಇಳಿದರೆ ಚಿಂತೆ ಬೇಡ, ಆಮೇಲೆ ಕೂಡಿಕೊಳ್ಳುತ್ತದೆ.

ಗುಟ್ಕಾ, ತಂಬಾಕು, ಎಲೆ ಅಡಿಕೆ, ಬೀಡಿ ಬಗ್ಗೆ ಮುಲಾಜಿಲ್ಲದೆ ಹೇಳುತ್ತೇನೆ: ಮೂರು ವಾರ ಬಾಯಿಗೆ ಮುಟ್ಟಿಸಬಾರದು. ಸುಣ್ಣ ಹಸಿ ಗಾಯವನ್ನು ಸುಡುತ್ತದೆ, ಅಡಿಕೆ ಚೂರು ಗೀರುತ್ತದೆ, ಹೊಗೆ ಮಾಯುವುದನ್ನು ತಡೆಯುತ್ತದೆ. ಮೂರು ವಾರ ಬಿಟ್ಟವರು ಅದನ್ನು ಅಲ್ಲಿಗೇ ಬಿಟ್ಟುಬಿಟ್ಟರೆ ನನ್ನಷ್ಟು ಸಂತೋಷಪಡುವವರು ಇನ್ನೊಬ್ಬರಿಲ್ಲ.

ನೋವಿನ ಗುಳಿಗೆಯನ್ನು ನೋವು ಬಂದಾಗ ತೆಗೆದುಕೊಂಡರೆ ತಡವಾಗಿರುತ್ತದೆ. ಮೊದಲ ವಾರ ಗಡಿಯಾರ ನೋಡಿ, ಡಾಕ್ಟರ್ ಬರೆದ ಅಂತರಕ್ಕೆ ಸರಿಯಾಗಿ ಕೊಡಬೇಕು. ರಾತ್ರಿ ಒಂದು ಸಲ ಅಲಾರಂ ಇಟ್ಟು ಎಬ್ಬಿಸಿ ಗುಳಿಗೆ, ನೀರು ಕೊಡಿ. ಇಲ್ಲದಿದ್ದರೆ ಬೆಳಗಿನ ಜಾವದ ಒಣ ಗಂಟಲಿನ ನೋವೇ ದಿನದ ಅತಿ ಕೆಟ್ಟ ನೋವು. ಊಟಕ್ಕೆ ಅರ್ಧ ಗಂಟೆ ಮೊದಲು ಗುಳಿಗೆ ಬಿದ್ದರೆ ಊಟ ಇಳಿಯುತ್ತದೆ. ಪ್ಯಾರಾಸಿಟಮಾಲ್ ವಯಸ್ಕರಿಗೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ದಾಟಬಾರದು. 50 ಕಿಲೋಗಿಂತ ಕಡಿಮೆ ತೂಕದ ಹುಡುಗ ಹುಡುಗಿಯರಿಗೂ ಲಿವರ್ ತೊಂದರೆ ಇರುವವರಿಗೂ ಮಿತಿ ಇನ್ನೂ ಕಡಿಮೆ. ಎಡವುವುದು ಇಲ್ಲಿ: ಡೋಲೋ 650 ಅಂದರೆ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್ ಒಳಗೂ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ ಇದೆ. ಹೆಸರು ಬೇರೆಯೆಂದು ಎರಡನ್ನೂ ನುಂಗಿದರೆ ಒಂದೇ ಔಷಧಿ ಎರಡು ಪಾಲಾಗುತ್ತದೆ. ಮೆಡಿಕಲ್ ಅಂಗಡಿಯಿಂದ ಹೊಸ ಗುಳಿಗೆ ತರುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಹಾಗಾಗಿ ನೋವಿಗೆಂದು ಅದನ್ನು ಕೊಡಲೇಬಾರದು. ಹೃದಯಕ್ಕೆಂದು ಮೊದಲಿಂದ ತೆಗೆದುಕೊಳ್ಳುತ್ತಿರುವವರು ಆಪರೇಶನ್ನಿಗೆ ಮುಂಚೆಯೇ ಆ ಮಾತು ಎತ್ತಬೇಕು. ಕೊಡೀನ್, ಟ್ರಾಮಡಾಲ್ ಎಂಬ ಬಿರುಸು ಔಷಧಿಗಳನ್ನು ಟಾನ್ಸಿಲ್ ಆಪರೇಶನ್ ಆದ 18ರೊಳಗಿನವರಿಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013 ಮತ್ತು 2017ರಲ್ಲಿ ಕಟ್ಟುನಿಟ್ಟು ಮಾಡಿತು. ಕೆಲವರ ದೇಹ ಇವನ್ನು ಅತಿ ವೇಗವಾಗಿ ಪ್ರಬಲ ರೂಪಕ್ಕೆ ಬದಲಿಸಿ ಉಸಿರಾಟವನ್ನೇ ಕುಗ್ಗಿಸುತ್ತದೆ. ಉಪ್ಪುನೀರಿನಿಂದ ಜೋರಾಗಿ ಗಳಗಳ ಮಾಡುವುದು ಮೊದಲ ವಾರ ಬೇಡ. ಮೆಲ್ಲಗೆ ಬಾಯಿ ಮುಕ್ಕಳಿಸಿ, ಹಲ್ಲುಜ್ಜಿ.

ಇನ್ನು ರಕ್ತ. ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ಆಪರೇಶನ್ ಆದ 24 ಗಂಟೆಯೊಳಗೆ ರಕ್ತ ಬಂದರೆ ರೋಗಿ ಬಹುಮಟ್ಟಿಗೆ ಆಸ್ಪತ್ರೆಯಲ್ಲೇ ಇರುತ್ತಾನೆ. ಎರಡನೆಯ ಅಪಾಯ ಪೊರೆ ಕಳಚುವ ಐದರಿಂದ ಹತ್ತನೇ ದಿನದೊಳಗೆ, ಎಲ್ಲರೂ "ಆರಾಮಾದ" ಎಂದು ನಿರಾಳವಾದಾಗ, ಮನೆಯಲ್ಲಿ. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ 2003-04ರಲ್ಲಿ ಸುಮಾರು 34 ಸಾವಿರ ಟಾನ್ಸಿಲ್ ಆಪರೇಶನ್‌ಗಳ ಲೆಕ್ಕ ತೆಗೆದಾಗ ಒಟ್ಟಾರೆ ನೂರಕ್ಕೆ ಮೂರೂವರೆ ಮಂದಿಗೆ ರಕ್ತಸ್ರಾವವಾಗಿತ್ತು. ಎಳೆಯ ಮಕ್ಕಳಲ್ಲಿ ಕಡಿಮೆ, ಹದಿನಾರು ದಾಟಿದವರಲ್ಲಿ ನೂರಕ್ಕೆ ಐದರ ಹತ್ತಿರ. ತೊಂಬತ್ತೈದು ಜನಕ್ಕೆ ಏನೂ ಆಗುವುದಿಲ್ಲ. ಉಳಿದ ಐವರಿಗೆ ರಸ್ತೆಯ ಉದ್ದ ಮುಖ್ಯವಾಗುತ್ತದೆ.

ನಮ್ಮವರು ಆಪರೇಶನ್ನಿಗೆ ಬೀದರ್, ಕಲಬುರಗಿ, ಸೊಲ್ಲಾಪುರ, ಹೈದರಾಬಾದಿಗೆ ಹೋಗುತ್ತಾರೆ. ಹುಮನಾಬಾದಿನಿಂದ ಬೀದರ್ ಸುಮಾರು 50 ಕಿ.ಮೀ., ಕಲಬುರಗಿ ಇನ್ನೂ ದೂರ. ಬಸವಕಲ್ಯಾಣದಿಂದ ಬೀದರಿಗೆ 80ರ ಹತ್ತಿರ. ಹೈದರಾಬಾದಿಗೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ತಾಸುಗಟ್ಟಲೆ ಪಯಣ. ರಾತ್ರಿ ಎರಡಕ್ಕೆ ಬಾಯಿ ತುಂಬ ರಕ್ತ ಬಂದಾಗ ಈ ದೂರವನ್ನು ಮೊದಲ ಬಾರಿಗೆ ಯೋಚಿಸುವಂತಾಗಬಾರದು. ಡಿಸ್ಚಾರ್ಜ್ ಆಗುವಾಗಲೇ ಕೇಳಿಕೊಳ್ಳಿ: ರಾತ್ರಿ ಎತ್ತುವ ಫೋನ್ ನಂಬರ್ ಯಾವುದು, ರಾತ್ರಿ ಆಪರೇಶನ್ ಥಿಯೇಟರ್ ತೆರೆಯುವ ಹತ್ತಿರದ ಜಾಗ ಯಾವುದು. ರೋಗಿಯ ರಕ್ತದ ಗುಂಪು ಚೀಟಿಯ ಮೇಲೆ ಬರೆಸಿಕೊಳ್ಳಿ. ಹತ್ತು ದಿನ ಯಾರ ಗಾಡಿ ಸಿಗುತ್ತದೆ ಎಂದು ಒಂದು ಮಾತು ಆಡಿಟ್ಟಿರಿ. ಹದಿನಾಲ್ಕು ದಿನ ಊರು ಬಿಡಬೇಡಿ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಆ ದಿನಗಳಲ್ಲೇ ಬಂದರೂ ನೂಕುನುಗ್ಗಲಿಗೆ, ಧೂಳಿಗೆ ಈ ವರ್ಷ ಹೋಗದಿರುವುದು ಒಳ್ಳೆಯದು. ಚೀಲ ಹೊರುವುದು, ಜಿಮ್, ಕ್ರಿಕೆಟ್, ರಾಶಿ ಮಾಡುವ ಕೆಲಸ ಎರಡು ವಾರ ಬಂದ್.

ಉಗುಳಿನಲ್ಲಿ ಒಂದೆಳೆ ಕೆಂಪು ಕಂಡರೆ ಎದ್ದು ಕೂತು ತಣ್ಣೀರು ಗುಟುಕರಿಸಿ, ಡಾಕ್ಟರಿಗೆ ಫೋನ್ ಮಾಡಿ, ಆ ದಿನ ಒಬ್ಬರೇ ಇರಬೇಡಿ. ದೊಡ್ಡ ಸ್ರಾವಕ್ಕೆ ಮುಂಚೆ ಇಂಥ ಸಣ್ಣದೊಂದು ಬರುವುದುಂಟು. ಹಸಿ ಕೆಂಪು ರಕ್ತ ಚಮಚೆಗಿಂತ ಹೆಚ್ಚು ಬಂದರೆ, ಗಡ್ಡೆ ಬಿದ್ದರೆ, ನಿಲ್ಲದಿದ್ದರೆ, ಕಾಫಿ ಬಣ್ಣದ ವಾಂತಿಯಾದರೆ ಕಾಯುವುದು ಬೇಡ. ನಿದ್ದೆಯಲ್ಲಿ ಮತ್ತೆ ಮತ್ತೆ ನುಂಗುತ್ತಿದ್ದರೆ ಎಬ್ಬಿಸಿ ಟಾರ್ಚ್ ಹಾಕಿ ನೋಡಿ, ಒಳಗೇ ರಕ್ತ ಇಳಿಯುತ್ತಿರಬಹುದು. ರೋಗಿಯನ್ನು ಕೂಡಿಸಿ, ಮುಂದಕ್ಕೆ ಬಾಗಿಸಿ, ರಕ್ತವನ್ನು ಬೋಗುಣಿಗೆ ಉಗುಳಿಸಿ. ಅಂಗಾತ ಮಲಗಿಸಬೇಡಿ. ಹತ್ತಿ, ಬಟ್ಟೆ ತುರುಕಬೇಡಿ. ಮತ್ತೆ ಅರಿವಳಿಕೆ ಕೊಡಬೇಕಾದೀತು, ಹಾಗಾಗಿ ತಿನ್ನಲು ಏನೂ ಕೊಡಬೇಡಿ. 108ಕ್ಕೆ ಕರೆ ಮಾಡಿ. ರಕ್ತ ಜೋರಾಗಿದ್ದರೆ ಆಪರೇಶನ್ ಮಾಡಿದ ದೂರದ ಆಸ್ಪತ್ರೆಗೇ ಹೋಗುತ್ತೇವೆ ಎಂದು ಹಟ ಹಿಡಿಯಬೇಡಿ. ಮೊದಲು ಹುಮನಾಬಾದಿನ ಅಥವಾ ಬಸವಕಲ್ಯಾಣದ ಸರ್ಕಾರಿ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಹಾಕಿಸಿ ಸಲಾಯಿನ್ ಹಚ್ಚಿಸಿ. ಬಿ.ಪಿ. ಬಿದ್ದ ಮೇಲೆ ಸೂಜಿಗೆ ರಕ್ತನಾಳ ಸಿಗುವುದೇ ಕಷ್ಟ. ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಸೋರುವ ಜಾಗವನ್ನು ಸುಟ್ಟೋ ಕಟ್ಟಿಯೋ ನಿಲ್ಲಿಸುತ್ತಾರೆ. ಉಗುಳಿದ ಬೋಗುಣಿಯನ್ನು ಚೆಲ್ಲದೆ ಜೊತೆಗೆ ಒಯ್ಯಿರಿ, ಎಷ್ಟು ಹೋಗಿದೆ ಎಂದು ಡಾಕ್ಟರಿಗೆ ಅದರಿಂದ ತಿಳಿಯುತ್ತದೆ.

ಇನ್ನೊಂದು ಪ್ರಶ್ನೆ ಎಲ್ಲ ತಾಯಂದಿರೂ ಕೇಳುತ್ತಾರೆ: ಟಾನ್ಸಿಲ್ ಹೋದರೆ ರೋಗ ತಡೆಯುವ ಶಕ್ತಿ ಹೋಗುವುದಿಲ್ಲವೇ? ನಾಲಿಗೆಯ ಬುಡದಲ್ಲಿ, ಗಂಟಲ ಗೋಡೆಯಲ್ಲಿ, ಕೊರಳಿನಲ್ಲಿ ಅದೇ ಕೆಲಸ ಮಾಡುವ ಅಂಗಾಂಶ ಸಾಕಷ್ಟಿದೆ. ನೆಗಡಿ, ಗಂಟಲು ಕೆರೆತ ಮುಂದೆಯೂ ಬರಬಹುದು. ವರ್ಷಕ್ಕೆ ಏಳು ಸಲ ಮಲಗಿಸುತ್ತಿದ್ದ ಟಾನ್ಸಿಲ್ ಜ್ವರ ಬರುವುದಿಲ್ಲ.

ಎರಡನೇ ವಾರದ ಕೊನೆಗೆ ಮತ್ತೆ ಟಾರ್ಚ್ ಹಾಕಿ ನೋಡಿ. ಬಿಳಿಯ ಜಾಗದಲ್ಲಿ ಎಳೆ ಗುಲಾಬಿ ಚರ್ಮ ಕಾಣುತ್ತದೆ, ಅಲ್ಲಲ್ಲಿ ಒಂದೆರಡು ಚುಕ್ಕಿ ಉಳಿದಿದ್ದರೂ ಇರಲಿ. ಡಾಕ್ಟರಿಗೆ ತೋರಿಸಿ ಬಂದ ಮೇಲೆ ಹೆಂಚಿನಿಂದ ಆಗಷ್ಟೇ ಇಳಿದ ಮೆತ್ತನೆಯ ಬಿಸಿ ರೊಟ್ಟಿಯನ್ನು ಸ್ವಲ್ಪ ಆರಿಸಿ, ಬೇಳೆಯಲ್ಲಿ ಅದ್ದಿ ಶುರು ಮಾಡಿ. ಕಡಕ್ ರೊಟ್ಟಿ ಅದರ ಮುಂದಿನ ವಾರ, ಖಾರದ ಹಿಂಡಿ ಅದಕ್ಕೂ ಆಮೇಲೆ. ಮೂರು ವಾರ ಕಳೆದರೂ ನುಂಗಲು ನೋಯುತ್ತಿದ್ದರೆ, ಕುಡಿದ ನೀರು ಮೂಗಿಗೆ ಬರುತ್ತಿದ್ದರೆ ಮತ್ತೊಮ್ಮೆ ತೋರಿಸಿ.