ಕಟ್ಟೆ ಮೇಲಿನ ಉಪ್ಪಿನ ಮೂಟೆ

ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಅಕ್ಕಿ, ಬೇಳೆ, ಬೆಲ್ಲ ಎಲ್ಲಾ ಒಳಗೆ ಹೋಗುತ್ತೆ. ಕಲ್ಲುಪ್ಪಿನ ಮೂಟೆ ಮಾತ್ರ ಹೊರಗೆ, ಕಟ್ಟೆ ಮೇಲೇ. ಉಪ್ಪು ಕದಿಯೋರು ಯಾರು ಸ್ವಾಮಿ?

ಯಾರೂ ಇಲ್ಲ, ನಿಜ. ಆದರೆ ಬಿಸಿಲು, ತೇವ ಸೇರಿ ಉಪ್ಪಿಗೆ ಬೆರೆಸಿದ ಅಯೋಡಿನ್ನನ್ನು ದಿನದಿನವೂ ಕಳೆಯುತ್ತವೆ. ಅದೂ ಮೂಟೆಗೆ ಬೆರೆಸಿದ್ದರೆ ತಾನೆ! ಕೆಲವಕ್ಕೆ ಬೆರೆಸಿಯೇ ಇರೋದಿಲ್ಲ.

ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಜೀವಮಾನದ್ದೆಲ್ಲ ಕೂಡಿಸಿದರೂ ಒಂದು ಟೀ ಚಮಚ ತುಂಬದು. ಅಷ್ಟೂ ಸಿಗದಿದ್ದರೆ ಕುತ್ತಿಗೆಯಲ್ಲಿ ಗಳಗಂಡ ಊದುತ್ತದೆ. ಊತವೇನೋ ಕಣ್ಣಿಗೆ ಕಾಣುತ್ತೆ. ಬಸುರಿಗೆ ತೀರಾ ಕೊರತೆಯಾದರೆ ಹೊಟ್ಟೆಯೊಳಗಿನ ಕೂಸಿನ ಮೆದುಳೇ ಸರಿಯಾಗಿ ಬೆಳೆಯದು. ಅದು ಎಷ್ಟೋ ಸಲ ಗೊತ್ತಾಗೋದು ಮಗು ಶಾಲೆಗೆ ಹೋದ ಮೇಲೆ. ಆಗ ‘ದಡ್ಡ’ ಅಂತ ಬೆನ್ನಿಗೆ ಗುದ್ದು!

ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತವರ ಸಂಗಡಿಗರು ಪರೀಕ್ಷೆ ನಡೆಸಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣಕ್ಕೆ ಕೈ ಹಾಕಿತು. ಊಟಕ್ಕೆ ಬರೀ ಉಪ್ಪು ಮಾರೋದಕ್ಕೆ 1998ರಲ್ಲಿ ನಿಷೇಧ. 2000ದಲ್ಲಿ ಅದು ರದ್ದು. 2006ರಲ್ಲಿ ಮತ್ತೆ ಜಾರಿ. ದೆಹಲಿಯವರಿಗೆ ಉಪ್ಪಿನ ಋಣವೂ ನೆನಪಿರೋದಿಲ್ಲ ನೋಡಿ.

ಅಂಗಡಿಯವರಿಗೆ ಖರ್ಚಿನ ಕೆಲಸವೇನಲ್ಲ. ‘ಅಯೋಡಿನ್ ಯುಕ್ತ’ ಅಂತ ಅಚ್ಚಾದ ಚೀಲವನ್ನೇ ತರಿಸಿ, ಒಳಗಿಟ್ಟು, ಬಾಯಿ ಕಟ್ಟಿದರಾಯ್ತು. ಮನೆಯಲ್ಲೂ ಉಪ್ಪಿನ ಡಬ್ಬಿಗೆ ಮುಚ್ಚಳ ಬೇಕು, ಒಲೆ ಪಕ್ಕ ಬೇಡ. ಆರೋಗ್ಯ ಇಲಾಖೆಯ ಪುಟ್ಟ ಸೀಸೆಯಿಂದ ಒಂದು ಹನಿ ಹಾಕಿದಾಗ ಉಪ್ಪು ನೀಲಿಯಾದರೆ ಅಯೋಡಿನ್ ಉಂಟು. ಬೆಳ್ಳಗೇ ಉಳಿದರೆ ಆ ಮೂಟೆ ಅಡಿಗೆಮನೆಗೆ ಬೇಡ.